ಗಾಳ ಹಿಡಿದು ಹೋದವರು ಮುದ್ದೆ ಉಂಡು ಬಂದೆವು

ಐದನೇ ಸೆಮಿಸ್ಟರ್ ಪರೀಕ್ಷೆ ಮುಗಿದ ಮರುದಿನವೇ ನಾವು ನಾಲ್ವರು ಎರಡು ಬೈಕ್‌ಗಳಲ್ಲಿ ಮುತ್ತತ್ತಿಗೆ ಹೊರಟೆವು. ಬೆಂಗಳೂರಿನಿಂದ ಕನಕಪುರ, ಸಾತನೂರು, ಹಲಗೂರು ಹಾದು ಸುಮಾರು 100 ಕಿ.ಮೀ. ಬಾಡಿಗೆಗೆ ತಂದ ಟೆಂಟ್ ಒಂದು, ಮ್ಯಾಗಿ ಪೊಟ್ಟಣ ಎಂಟು, ಜತೆಗೆ ಆನ್‌ಲೈನ್‌ನಲ್ಲಿ 1,400 ರೂಪಾಯಿಗೆ ತರಿಸಿದ ಗಾಳ. ಕಾವೇರಿ ದಡದಲ್ಲಿ ಟೆಂಟ್ ಹಾಕಿ, ಮೀನು ಹಿಡಿದು, ಅಲ್ಲೇ ಸುಟ್ಟು ತಿನ್ನುವುದು ನಮ್ಮ ಪ್ಲಾನ್. ರೀಲ್ಸ್ ನೋಡಿ ಮಾಡಿದ ಪ್ಲಾನ್ ಅಂತ ಬೇರೆ ಹೇಳಬೇಕಿಲ್ಲ.

ಚೆಕ್‌ಪೋಸ್ಟ್‌ನಲ್ಲೇ ಅದು ಮಕಾಡೆ ಮಲಗಿತು. ಬ್ಯಾಗ್ ನೋಡಿದ ಗಾರ್ಡ್ ಗಾಳವನ್ನು ಎತ್ತಿ ಗೋಡೆಗೆ ಒರಗಿಸಿದರು. ‘ಇದು ವನ್ಯಜೀವಿಧಾಮ. ಇಲ್ಲಿ ಮೀನು ಹಿಡಿದರೂ ಬೇಟೆ ಕೇಸೇ. ಸಂಜೆಯೊಳಗೆ ವಾಪಸ್ ಬಂದು ಇದನ್ನ ತಗೊಂಡು ಹೋಗಿ’ ಅಂದರು. ಮೀನಿಗೂ 1972ರ ವನ್ಯಜೀವಿ ಕಾಯ್ದೆಗೂ ಸಂಬಂಧ ಇದೆ ಅಂತ ನಮಗೆ ಗೊತ್ತಾಗಿದ್ದೇ ಆಗ.

ಮುಖ ಸಣ್ಣದು ಮಾಡಿಕೊಂಡು ಹೊಳೆ ಹತ್ತಿರ ಹೋದೆವು. ಮರಗಳ ನೆರಳು, ಬಂಡೆಗಳ ನಡುವೆ ಸದ್ದೇ ಇಲ್ಲದ ನೀರು. ನೀರಿಗೆ ಇಳಿಯಬೇಡಿ ಅನ್ನುವ ಬೋರ್ಡ್ ಪಕ್ಕದಲ್ಲೇ ಜನ ಫೋಟೊ ತೆಗೆಸಿಕೊಳ್ಳುತ್ತಿದ್ದರು. ನಮ್ಮಲ್ಲೊಬ್ಬ ಬಾಟಲಿ ತೊಳೆಯಲು ಮೊಣಕಾಲುದ್ದಕ್ಕೆ ಇಳಿದ. ಒಂದು ಹೆಜ್ಜೆ ಮುಂದೆ ಇಟ್ಟಿದ್ದಷ್ಟೇ, ಪಾಚಿ ಕಟ್ಟಿದ ಬಂಡೆ ಮೇಲೆ ಕಾಲು ಜಾರಿ ಎದೆಮಟ್ಟ ಮುಳುಗಿದ. ಪಕ್ಕದಲ್ಲಿ ಬಟ್ಟೆ ಒಗೆಯುತ್ತಿದ್ದ ಯಜಮಾನರೊಬ್ಬರು ಅವನ ಅಂಗಿಯ ಕೊರಳಪಟ್ಟಿಗೆ ಕೈ ಹಾಕಿ ಎಳೆದುಹಾಕಿದರು. ನಾವು ಮೂವರು ಏನಾಯಿತು ಅಂತ ತಿಳಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಫ್ಲುಯಿಡ್ ಮೆಕ್ಯಾನಿಕ್ಸ್‌ನಲ್ಲಿ ಒಬ್ಬನೂ ಫೇಲ್ ಆಗಿಲ್ಲ ನೋಡಿ ನಮ್ಮಲ್ಲಿ!

‘ಮೇಲೆ ನೋಡುದ್ರೆ ನಿಂತಂಗೆ ಕಾಣ್ತದೆ ಕಣ್ರಪ್ಪಾ, ಒಳಗೆ ಮಡು ಅದೆ. ಎಷ್ಟು ಜನ ಮಕ್ಕಳು ಹೋದ್ರೋ ಇಲ್ಲಿ’ ಅಂತ ಬೈದರು. ಬೈದಮೇಲೆ ನಮ್ಮ ಜತೆಯೇ ಕೂತರು. ಗಾಳದ ಕತೆ ಹೇಳಿದಾಗ ಜೋರಾಗಿ ನಕ್ಕರು.

ಅವರೂ ಗಾಳದಿಂದಲೇ ಬದುಕಿದವರಂತೆ. ಇಲ್ಲೇ ಹತ್ತಿರದ ಭೀಮೇಶ್ವರಿ ಕಡೆ ಬಿಳಿಮೀನು, ಅಂದರೆ ಮಹಶೀರ್ ಹಿಡಿಯಲು ದೂರದೇಶಗಳಿಂದ ಜನ ಬರುತ್ತಿದ್ದ ಕಾಲದಲ್ಲಿ ಇವರು ಗೈಡ್. ರಾಗಿ ಹಿಟ್ಟನ್ನು ಮುದ್ದೆಯಂತೆ ಬೇಯಿಸಿ, ಉಂಡೆ ಕಟ್ಟಿ ಕೊಕ್ಕೆಗೆ ಮೆತ್ತುವುದು ಇವರ ಕೆಲಸ. ಮೀನು ಎಳೆದರೆ ಹರಿಗೋಲು ಹಾಕಿಕೊಂಡು ಹಿಂದೆ ಹೋಗಬೇಕು. ಹಿಡಿದದ್ದನ್ನು ತೂಕ ನೋಡಿ, ಫೋಟೊ ತೆಗೆದು, ಅದು ಸುಧಾರಿಸಿಕೊಳ್ಳುವವರೆಗೂ ನೀರಲ್ಲೇ ಹಿಡಿದಿದ್ದು ಬಿಡುತ್ತಿದ್ದರಂತೆ. ‘ಒಂದ್ ದಿನಾನೂ ಅದನ್ನ ಸಾರು ಮಾಡಿ ಉಂಡಿಲ್ಲ ನಾನು’ ಅಂದರು. ಆ ಮೀನು ಹಿಡಿಯುವುದು ನಿಂತು ಹತ್ತು ವರ್ಷದ ಮೇಲಾಯಿತು. ಈಗ ಗಾರೆ ಕೆಲಸಕ್ಕೆ ಹೋಗುತ್ತಾರೆ.

ರಾತ್ರಿ ಮೊಬೈಲ್‌ನಲ್ಲಿ ಹುಡುಕಿ ಓದಿದೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಎಂಬವರು ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್ ತೂಗಿತ್ತು, ಅಂದರೆ 54 ಕೆ.ಜಿ. ನನ್ನ ತೂಕ 56! ಬೆನ್ನಿನಲ್ಲಿ ಡುಬ್ಬ ಇರುವ ಈ ಮಹಶೀರ್ ಇರುವುದು ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ. 2018ರಲ್ಲಿ ವಿಜ್ಞಾನಿಗಳು ಇದನ್ನು ‘ಟಾರ್ ರೆಮಾದೇವಿಯೈ’ ಎಂದು ಗುರುತಿಸಿದರು. ಅದೇ ವರ್ಷ ಅದು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಹೆಸರು ಸಿಗುವ ಹೊತ್ತಿಗೆ ಮೀನೇ ಇಲ್ಲವಾಗುವ ಸ್ಥಿತಿ. ಅಣೆಕಟ್ಟು, ಡೈನಮೈಟ್ ಹಾಕಿ ಮೀನು ಹಿಡಿಯುವವರ ಕಾಟ ಒಂದು ಕಡೆ. ಇನ್ನೊಂದು ಕಡೆ, ಮಹಶೀರ್ ಉಳಿಸಲೆಂದೇ ಬೇರೆ ಕಡೆ ಬೆಳೆಸಿ ತಂದು ಬಿಟ್ಟ ನೀಲಿ ರೆಕ್ಕೆಯ ಜಾತಿ ಇದರ ಜಾಗವನ್ನೇ ಹಿಡಿದುಬಿಟ್ಟಿದೆ.

ಯಜಮಾನರದು ಬೇರೆ ವಾದ. ‘ಗಾಳದೋರು ಇದ್ದಾಗ ನಾವು ಹಗಲೂ ರಾತ್ರಿ ಹೊಳೇಲಿ ಇರ್ತಿದ್ವಿ. ಸಿಡಿಮದ್ದು ಹಾಕೋರು ಹೆದರ್ತಿದ್ರು. ಈಗ ಯಾರವ್ರೆ?’ ಇದಕ್ಕೆ ಏನು ಹೇಳಬೇಕೋ ನನಗೆ ತೋಚಲಿಲ್ಲ. ವನ್ಯಜೀವಿಧಾಮದಲ್ಲಿ ಮೋಜಿಗೆ ಗಾಳ ಹಾಕುವುದು ಸರಿಯಲ್ಲ ಅಂತಲೇ ಈಗಲೂ ಅನಿಸುತ್ತದೆ. ಆದರೆ ನೀರಿನ ಬಣ್ಣ ನೋಡಿ ಮಡು ಎಲ್ಲಿದೆ ಅಂತ ಹೇಳಬಲ್ಲ ಮನುಷ್ಯ ಸಿಮೆಂಟ್ ಹೊರುತ್ತಿರುವುದೂ ಸರಿ ಅನಿಸುವುದಿಲ್ಲ. ಕೆಲಸ ಅಂದರೆ ಕ್ಯಾಂಪಸ್ ಪ್ಲೇಸ್‌ಮೆಂಟ್ ಅಂದುಕೊಂಡಿದ್ದ ನನಗೆ, ಇಷ್ಟೆಲ್ಲ ಕಲಿತವರ ಕೆಲಸವೂ ಹೀಗೆ ಹೋಗಬಹುದು ಅನ್ನುವುದು ಹೊಸದು.

ಸಂಜೆ ಗಾಳ ವಾಪಸ್ ಪಡೆದು, ಹಲಗೂರಿನ ಹತ್ತಿರ ಗೆಳೆಯನ ಸೋದರತ್ತೆ ಮನೆಗೆ ಹೋದೆವು. ಬಾಡಿಗೆ ದಂಡ ಆಗಬಾರದು ಅಂತ ಟೆಂಟನ್ನು ಅವರ ಕಣದಲ್ಲೇ ಹಾಕಿದೆವು. ‘ಮನೆ ಇಟ್ಕೊಂಡು ಯಾಕ್ರೋ ಈಚೆ ಮಲಗ್ತೀರಾ?’ ಅಂತ ಅತ್ತೆ ನಕ್ಕರು. ಊಟಕ್ಕೆ ಬಿಸಿ ಮುದ್ದೆ, ಸಂತೆಯಿಂದ ತಂದಿದ್ದ ಕಾಟ್ಲಾ ಮೀನಿನ ಸಾರು.

ಬೆಳಿಗ್ಗೆ ಜಾರಿಬಿದ್ದಿದ್ದವನು ಮುದ್ದೆ ಮುರಿದು, ಯಜಮಾನರು ತೋರಿಸಿದಂತೆ ಅಂಗೈಯಲ್ಲಿ ಗಟ್ಟಿಯಾಗಿ ಉಂಡೆ ಕಟ್ಟಿದ. ನಿಂಬೆಹಣ್ಣಿಗಿಂತ ದೊಡ್ಡದೇ ಇತ್ತು. ‘ಇದನ್ನ ಒಂದೇ ಸಲಕ್ಕೆ ನುಂಗುತ್ತಿತ್ತೇನೋ ಅದು?’ ಅಂದ. ಆಮೇಲೆ ಅದನ್ನು ಸಾರಿಗೆ ಅದ್ದಿ ತಾನೇ ನುಂಗಿದ.