ದೋಣಿಯ ಎಂಜಿನೂ ಪೆಟ್ರೋಲಿನ ಆವಿಯೂ

ನಮ್ಮ ಕರಾವಳಿಯ ನಾಡದೋಣಿಗಳ ಹಿಂಬದಿಗೆ ಬಿಗಿದ ಔಟ್‌ಬೋರ್ಡ್ ಎಂಜಿನನ್ನು ಬಿಚ್ಚಿ ಬೇಕಾದೆಡೆಗೆ ಒಯ್ಯಬಹುದು. ಆದರೆ ಹಾಗೆ ಒಯ್ಯುವಾಗಲೂ ಇಂಧನ ತುಂಬುವಾಗಲೂ ಭಾರವಾದುದು ತಗ್ಗಿಗಿಳಿಯುವುದೆಂಬ ಸರಳ ನಿಯಮವನ್ನು ನಾವು ಮರೆಯಲಾಗದು.

ನೀರಿನಿಂದೆತ್ತಿದ ಎಂಜಿನನ್ನು ಮೊದಲು ನೆಟ್ಟಗೆ ನಿಲ್ಲಿಸಿ ನೀರನ್ನು ಬಸಿಯಬೇಕು. ಸಾಗಿಸುವಾಗ ತಲೆಭಾಗವು ಪ್ರೊಪೆಲರಿಗಿಂತ ಕೆಳಗಾದರೆ, ಉಳಿದ ನೀರು ಹೊಗೆಯ ಮಾರ್ಗವಾಗಿ ಸಿಲಿಂಡರಿಗಿಳಿದು ತುಕ್ಕು ಹಿಡಿಸಬಹುದು. ನಾಲ್ಕು ಸ್ಟ್ರೋಕಿನ ಎಂಜಿನನ್ನಂತೂ ತಯಾರಕರು ಸೂಚಿಸಿದ ಮಗ್ಗುಲಿನಲ್ಲಿಯೇ ಮಲಗಿಸಬೇಕು. ಇಲ್ಲವಾದರೆ ಅದರೊಳಗಿನ ಎಣ್ಣೆ ಸಿಲಿಂಡರನ್ನು ಹೊಗುತ್ತದೆ.

ಇನ್ನು ಇಂಧನದ ಮಾತು. ಸೀಮೆಎಣ್ಣೆಯಿಂದ ಓಡುವ ಎಂಜಿನಿಗೂ ಚಾಲನೆಯ ಆರಂಭಕ್ಕೆ ಪೆಟ್ರೋಲು ಬೇಕು. ಪೆಟ್ರೋಲಿನ ಆವಿ ಗಾಳಿಗಿಂತ 3ರಿಂದ 4 ಪಟ್ಟು ಭಾರ. ದೋಣಿಯಲ್ಲಿಯೇ ಡಬ್ಬಿಯನ್ನು ತುಂಬಿದರೆ, ಬಟ್ಟಲಿನಲ್ಲಿ ನೀರು ನಿಲ್ಲುವಂತೆ ಆ ಆವಿಯು ದೋಣಿಯ ತಳದಲ್ಲಿ ನಿಲ್ಲುತ್ತದೆ, ಕಣ್ಣಿಗಂತೂ ಕಾಣದು. ಗಾಳಿಯಲ್ಲಿ ಅದು ನೂರಕ್ಕೆ ಒಂದೂವರೆ ಭಾಗದಷ್ಟಿದ್ದರೂ ಒಂದು ಕಿಡಿಗೆ ಹೊತ್ತಿಕೊಳ್ಳಬಲ್ಲದು. ಆದುದರಿಂದ ಎಂಜಿನನ್ನು ನಿಲ್ಲಿಸಿ, ಬಿಡಿ ಡಬ್ಬಿಯನ್ನು ದಡಕ್ಕೆ ತಂದು, ನೆಲದ ಮೇಲಿಟ್ಟು ತುಂಬಬೇಕು. ಬಯಲಿನ ಗಾಳಿ ಆವಿಯನ್ನು ಚದರಿಸುತ್ತದೆ. ದಡಕ್ಕಿಳಿಯುವ ಹತ್ತು ಹೆಜ್ಜೆಗಳ ಶ್ರಮವು ದೋಣಿಯಲ್ಲಿರುವವರ ಪ್ರಾಣವನ್ನು ಕಾಯುತ್ತದೆ.