ದೋಣಿಗೆ ಬಣ್ಣದ ಬದಲು ವಿನೈಲ್: ಎಲ್ಲಿ ಅಂಟುತ್ತೆ, ಎಲ್ಲಿ ಕೈಕೊಡುತ್ತೆ?

ಸಿಟಿ ಬಸ್ಸಿನ ಮೈತುಂಬಾ ಜಾಹೀರಾತು ಅಂಟಿಸಿರೋದನ್ನ, ಕಪ್ಪು ಕಾರು ಇದ್ದಕ್ಕಿದ್ದಂತೆ ಮ್ಯಾಟ್ ಹಸಿರು ಆಗಿರೋದನ್ನ ನಾವೆಲ್ಲ ನೋಡಿದ್ದೇವೆ. ಅದು ಬಣ್ಣ ಅಲ್ಲ, ವಿನೈಲ್ ರ‍್ಯಾಪ್; ಅಂದ್ರೆ ಹಿಂಬದಿಗೆ ಅಂಟು ಇರುವ ತೆಳು ಪಿವಿಸಿ ಹಾಳೆ. ಅಮೆರಿಕ, ಯುರೋಪಿನಲ್ಲಿ ಇದನ್ನು ಮೋಟಾರು ದೋಣಿ, ಹಾಯಿದೋಣಿಗಳ ಹೊರಮೈಗೂ ಅಂಟಿಸುತ್ತಾರೆ. ಬಿಸಿಲು, ಉಪ್ಪುನೀರು, ಅಲೆಯ ಹೊಡೆತ ಇರೋ ಕಡೆ ಸ್ಟಿಕ್ಕರ್ ನಿಲ್ಲುತ್ತಾ? ನಿಲ್ಲುತ್ತೆ, ಆದರೆ ಒಂದು ಷರತ್ತು: ದೋಣಿಯಲ್ಲಿ ಹಾಳಾಗಿರೋದು ಬರೀ ಬಣ್ಣ ಆಗಿರಬೇಕು, ಮೈ ಅಲ್ಲ.

ಹೊಳಪು ಹೋಗೋದು ಯಾಕೆ?

ಇಂದಿನ ಸಣ್ಣ ದೋಣಿಗಳಲ್ಲಿ ಬಹುಪಾಲು ಫೈಬರ್‌ಗ್ಲಾಸಿನವು. ಅವುಗಳ ಹೊರಪದರ ಜೆಲ್‌ಕೋಟ್ ಎಂಬ ಬಣ್ಣ ಬೆರೆತ ರಾಳ; ದಪ್ಪ ಸುಮಾರು ಅರ್ಧ ಮಿಲಿಮೀಟರ್. ಬಿಸಿಲಿನ ಯುವಿ ಕಿರಣ ಇದರ ಪಾಲಿಮರ್ ಸರಪಳಿಗಳನ್ನು ಮುರಿಯುತ್ತಾ ಹೋಗುತ್ತೆ. ಹಳೇ ದೋಣಿಯ ಮೈ ಮೇಲೆ ಬೆರಳಾಡಿಸಿದರೆ ಸೀಮೆಸುಣ್ಣದಂಥ ಪುಡಿ ಬರೋದು ಇದರಿಂದಲೇ. ಮೊದಲು ಪಾಲಿಶ್ ಮಾಡಬಹುದು. ಆದರೆ ಪ್ರತಿ ಪಾಲಿಶ್ ಆ ಅರ್ಧ ಮಿಲಿಮೀಟರ್‌ನಲ್ಲೇ ಸ್ವಲ್ಪ ತಿನ್ನುತ್ತೆ. ಕೊನೆಗೆ ಉಳಿಯೋ ದಾರಿ ಎರಡು: ಪೇಂಟು ಅಥವಾ ವಿನೈಲ್.

ಒಳ್ಳೆ ಮರೈನ್ ಪೇಂಟ್ ಅಂದ್ರೆ ಎರಡು ಭಾಗ ಬೆರೆಸಿ ಹೊಡೆಯುವ ಪಾಲಿಯುರೆಥೇನ್. ಉಜ್ಜಬೇಕು, ಗುಂಡಿ ತುಂಬಬೇಕು, ಪ್ರೈಮರ್ ಹಾಕಿ ಮತ್ತೆ ಉಜ್ಜಬೇಕು, ಆಮೇಲೆ ಧೂಳಿಲ್ಲದ ಶೆಡ್ಡಿನಲ್ಲಿ ಸ್ಪ್ರೇ. ಅದರ ಹಾರ್ಡನರ್‌ನಲ್ಲಿರುವ ಐಸೊಸಯನೇಟ್ ಉಸಿರಿನ ಮೂಲಕ ಒಳಹೋದರೆ ಆಸ್ತಮಾ ತರಬಲ್ಲದು. ಹಾಗಾಗಿ ಸ್ಪ್ರೇ ಮಾಡುವವರಿಗೆ ಹೊರಗಿನಿಂದ ಶುದ್ಧ ಗಾಳಿ ಕೊಡುವ ಮಾಸ್ಕೇ ಬೇಕು. ವಿನೈಲ್‌ಗೆ ಈ ಅಪಾಯ ಇಲ್ಲ, ಕೆಲಸವೂ ಕೆಲವೇ ದಿನಗಳಲ್ಲಿ ಮುಗಿಯುತ್ತೆ. ಅದರ ಆಕರ್ಷಣೆ ಇರೋದೇ ಇಲ್ಲಿ.

ಪೂರಿ ಮತ್ತು ದೋಸೆ

ವಿನೈಲ್ ಹಾಳೆಯಲ್ಲಿ ಎರಡು ಜಾತಿ. ಕ್ಯಾಲೆಂಡರ್ಡ್ ಹಾಳೆಯನ್ನು ಬಿಸಿ ರೋಲರ್‌ಗಳ ನಡುವೆ ಒತ್ತಿ ತೆಗೀತಾರೆ. ಲಟ್ಟಿಸಿದ ಪೂರಿ ಹಿಟ್ಟು ಮತ್ತೆ ಮುದುಡುತ್ತಲ್ಲ, ಹಾಗೆ ಇದರೊಳಗೆ ಒತ್ತಡ ಉಳಿದಿರುತ್ತೆ. ಬಿಸಿಲಿಗೆ ಕುಗ್ಗಿ ಅಂಚು ಬಿಡುತ್ತೆ. ಕಾಸ್ಟ್ ಹಾಳೆ ದೋಸೆಯ ಹಾಗೆ: ದ್ರವವನ್ನು ಹರಡಿ ಒಲೆಯಲ್ಲಿ ಗಟ್ಟಿ ಮಾಡಿರ್ತಾರೆ, ಯಾರೂ ಎಳೆದಿರಲ್ಲ. ಅದಕ್ಕೇ ಕುಗ್ಗೋದು ತೀರಾ ಕಡಿಮೆ, ದಪ್ಪ ಸುಮಾರು 50 ಮೈಕ್ರಾನ್. ದೋಣಿಯ ಬಾಗಿದ ಮೈಗೆ ಬೇಕಾದ್ದು ಇದೇ.

ಕಾಸ್ಟ್ ಹಾಳೆಯನ್ನೂ ತಿರುವುಗಳಲ್ಲಿ ಬಿಸಿ ಮಾಡಿ ಎಳೆದಾಗ ಅದು ವಾಪಸ್ ಬರಲು ನೋಡುತ್ತೆ. ಅದಕ್ಕೆ ಅಂಟಿಸಿದ ಮೇಲೆ ಆ ಜಾಗಗಳನ್ನು ಹೀಟ್ ಗನ್‌ನಿಂದ ಸುಮಾರು 90–100 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಒಳಗಿನ ಒತ್ತಡ ಸಡಿಲಿಸುತ್ತಾರೆ. ಈ ಹಂತ ಬಿಟ್ಟರೆ ಕೆಲವೇ ವಾರದಲ್ಲಿ ಅಂಚು ಮೇಲೇಳಬಹುದು.

ಅಳತೆಯ ಲೆಕ್ಕ ಸುಲಭ. ರೋಲಿನ ಅಗಲ ಸಾಮಾನ್ಯವಾಗಿ 1.52 ಮೀಟರ್. ನೀರಿನ ಮೇಲೆ ಒಂದು ಮೀಟರ್ ಎತ್ತರ ಕಾಣುವ 8 ಮೀಟರ್ ಉದ್ದದ ದೋಣಿಗೆ ಒಂದೊಂದು ಪಕ್ಕಕ್ಕೂ ಒಂದೇ ತುಂಡು ಸಾಕು, ಮಧ್ಯೆ ಜಾಯಿಂಟ್ ಬೇಡ.

ಎಲ್ಲಿ ಕೈಕೊಡುತ್ತೆ?

ವಿನೈಲ್ ಬಣ್ಣ ಮುಚ್ಚುತ್ತೆ, ಆಕಾರ ಮುಚ್ಚಲ್ಲ. ಕೆಳಗಿನ ಗುಂಡಿ, ಉಬ್ಬು, ಒಂದು ಮರಳಿನ ಕಣ ಕೂಡ ಮೇಲೆ ಕಾಣುತ್ತೆ. ಹಾಗಾಗಿ ತೊಳೆದು, ಹಳೇ ಮೇಣ ತೆಗೆದು, ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸುವ ಕೆಲಸಕ್ಕೆ ಅಂಟಿಸುವಷ್ಟೇ ಸಮಯ ಹಿಡಿಯುತ್ತೆ. ಹಳೇ ಪೇಂಟ್ ಚಕ್ಕೆ ಏಳ್ತಾ ಇದ್ರೆ ಅದರ ಮೇಲೆ ಅಂಟಿಸಬಾರದು. ಹಾಳೆ ಎಷ್ಟು ಗಟ್ಟಿಯಾಗಿ ಹಿಡಿದರೂ, ಬಿಡೋದು ಅತಿ ದುರ್ಬಲವಾದ ಪದರವೇ.

ನೀರಿನ ಗೆರೆಯ ಕೆಳಗೆ ಈ ಹಾಳೆ ಬೇಡವೇ ಬೇಡ. ಸದಾ ನೀರಲ್ಲಿದ್ದರೆ ಅಂಟು ಸೋಲುತ್ತೆ, ಅಲ್ಲಿ ಅಂಟಿಕೊಳ್ಳುವ ಚಿಪ್ಪುಜೀವಿಗಳನ್ನು ಕೆರೆದು ತೆಗೆಯಬೇಕಾಗುತ್ತೆ. ಅಲ್ಲಿಗೆ ಆಂಟಿಫೌಲಿಂಗ್ ಪೇಂಟೇ ಸರಿ. ಮರದ ದೋಣಿಗೂ ಇದು ಒಳ್ಳೇದಲ್ಲ. ಮರದೊಳಗಿನ ತೇವಕ್ಕೆ ಹೊರಬರೋ ದಾರಿ ಮುಚ್ಚಿಹೋಗುತ್ತೆ. ಎಲ್ಲಕ್ಕಿಂತ ಮುಖ್ಯ: ಫೈಬರ್‌ಗ್ಲಾಸಿನಲ್ಲಿ ಬಿರುಕಿದ್ದರೆ ಮೊದಲು ರಿಪೇರಿ. ಸ್ಟಿಕ್ಕರ್ ಹಿಂದೆ ಅಡಗಿದ ಬಿರುಕು ಮುಂದಿನ ತಪಾಸಣೆಯಲ್ಲಿ ಯಾರ ಕಣ್ಣಿಗೂ ಬೀಳದೆ ಹೋಗಬಹುದು, ಸಮುದ್ರದಲ್ಲಿ ಅದು ಜೀವದ ಪ್ರಶ್ನೆ.

ಹಾಗಾದ್ರೆ ನಮ್ಮ ಮಲ್ಪೆ, ಮಂಗಳೂರಿನ ಮೀನುಗಾರಿಕೆ ಬೋಟುಗಳಿಗೆ? ಬಂದರಿನಲ್ಲಿ ಅವು ಪಕ್ಕಪಕ್ಕದಲ್ಲೇ ಉಜ್ಜಾಡಿಕೊಂಡು ನಿಲ್ಲುತ್ತವೆ, ಅಂಚಿನ ಮೇಲೆ ಬಲೆ, ಹಗ್ಗ ಎಳೆಯುತ್ತಲೇ ಇರ್ತಾರೆ. ಹರಿದ ವಿನೈಲ್‌ಗೆ ತೇಪೆ ಹಾಕಿದರೆ ಎದ್ದು ಕಾಣುತ್ತೆ; ಪೇಂಟಾದರೆ ಡಬ್ಬಿ, ಬ್ರಷ್ ಇದ್ದರೆ ಸಾಕು. ದುಡಿಯೋ ದೋಣಿಗೆ ಪೇಂಟೇ ವಾಸಿ. ಪ್ರವಾಸಿಗರ ಫೈಬರ್ ಬೋಟಿಗೆ, ಪ್ರಾಯೋಜಕರು ಬದಲಾಗುತ್ತಿರುವ ರೇಸ್ ದೋಣಿಗೆ ವಿನೈಲ್ ಹೇಳಿ ಮಾಡಿಸಿದ್ದು.

ಆಯುಷ್ಯದ ವಿಚಾರದಲ್ಲೂ ಪೇಂಟೇ ಮುಂದೆ. ಒಳ್ಳೆ ಕಾಸ್ಟ್ ಹಾಳೆ ಸಾಮಾನ್ಯವಾಗಿ 5ರಿಂದ 7 ವರ್ಷ ಬರುತ್ತೆ. ನಮ್ಮಂಥ ಬಿಸಿಲಿನಲ್ಲಿ ಅದಕ್ಕಿಂತ ಕಡಿಮೆ. ಅವಧಿ ಮುಗಿಯೋ ಮೊದಲೇ ತೆಗೆದರೆ ಬಿಸಿ ಮಾಡಿ ಸಲೀಸಾಗಿ ಸುಲಿಯಬಹುದು, ಕೆಳಗಿನ ಜೆಲ್‌ಕೋಟ್ ಅಷ್ಟು ವರ್ಷ ಬಿಸಿಲಿನಿಂದ ಉಳಿದಿರುತ್ತೆ. ತಡ ಮಾಡಿದರೆ ಹಾಳೆ ಪೆಡಸಾಗಿ ಚೂರುಚೂರಾಗಿ ಬರುತ್ತೆ.

ಪೇಂಟೋ ವಿನೈಲೋ ಅಂತ ತೀರ್ಮಾನಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಹಳೇ ಪೇಂಟಿನ ಮೇಲೆ ಬ್ಲೇಡಿನಿಂದ ಚೌಕುಳಿ ಗೀರಿ, ಟೇಪ್ ಒತ್ತಿ ಅಂಟಿಸಿ, ಕಿತ್ತು ನೋಡಿ. ಎಎಸ್‌ಟಿಎಂ ಡಿ3359 ಮಾನದಂಡದ ಕ್ರಾಸ್-ಕಟ್ ಪರೀಕ್ಷೆಯ ತಿರುಳು ಇಷ್ಟೇ. ಟೇಪಿನ ಜೊತೆ ಪೇಂಟೂ ಕಿತ್ತು ಬಂದರೆ, ವಿನೈಲ್ ಕೂಡ ಅದರ ಜೊತೆಗೇ ಬರುತ್ತೆ.