ಸಭಾಕಂಪವೂ ಸಂಗೀತಾಭ್ಯಾಸವೂ

ಮನೆಯಲ್ಲಿ ನಿರ್ದುಷ್ಟವಾಗಿ ಹಾಡುವ ವಿದ್ಯಾರ್ಥಿಯು ಸಭೆಯ ಮುಂದೆ ಕುಳಿತೊಡನೆ ಶ್ರುತಿ ತಪ್ಪುವುದನ್ನೂ, ಪಿಟೀಲಿನ ಕಮಾನು ತಂತಿಯ ಮೇಲೆ ನಡುಗುವುದನ್ನೂ ನಾವೆಲ್ಲರೂ ಕಂಡಿದ್ದೇವೆ. ಇದನ್ನು ಪ್ರತಿಭೆಯ ಕೊರತೆಯೆಂದು ಬಗೆದು ಅಂಥವರನ್ನು ವೇದಿಕೆಯಿಂದ ದೂರವಿರಿಸಿದರೆ ಹಲವು ವರ್ಷಗಳ ಸಾಧನೆ ವ್ಯರ್ಥವಾದೀತು. ಆದಕಾರಣ ಸಭಾಕಂಪದ ಸ್ವರೂಪವನ್ನು ಇಲ್ಲಿ ಸಂಗ್ರಹವಾಗಿ ಪರಿಶೀಲಿಸುವೆವು.

ನಾಟ್ಯಶಾಸ್ತ್ರದಲ್ಲಿ ಭರತನು ಎಣಿಸಿರುವ ಎಂಟು ಸಾತ್ತ್ವಿಕ ಭಾವಗಳಲ್ಲಿ ಸ್ವೇದ, ಸ್ವರಭೇದ, ವೇಪಥು ಎಂಬ ಮೂರು ಸೇರಿವೆ. ಬೆವರು, ಧ್ವನಿಯ ವಿಕಾರ, ನಡುಕ: ಸಭಾಕಂಪದ ಮುಖ್ಯ ಲಕ್ಷಣಗಳೂ ಇವೇ. ಭಯದ ಶಾರೀರಿಕ ಪರಿಣಾಮಗಳನ್ನು ಅಮೆರಿಕದ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ ತಮ್ಮ 1915ರ ಗ್ರಂಥದಲ್ಲಿ ವಿವರಿಸಿದರು. ಅಪಾಯದ ಭಾವನೆ ಮೂಡಿದೊಡನೆ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ರಸವನ್ನು ರಕ್ತಕ್ಕೆ ಸ್ರವಿಸುತ್ತವೆ; ಎದೆಬಡಿತ ತೀವ್ರವಾಗಿ, ದೇಹವು ಹೋರಾಟಕ್ಕೋ ಪಲಾಯನಕ್ಕೋ ಸಿದ್ಧವಾಗುತ್ತದೆ. ಓಡುವವನಿಗೆ ಉಪಕಾರಿಯಾದ ಈ ಸಿದ್ಧತೆಯು, ಬೆರಳು ಮತ್ತು ಕಂಠಗಳ ಸೂಕ್ಷ್ಮ ಚಲನೆಯನ್ನೇ ನಂಬಿದ ಗಾಯಕ ವಾದಕರಿಗೆ ತೊಡಕಾಗುತ್ತದೆ.

ಆದರೆ ಶ್ರೋತೃಗಳ ಸಾನ್ನಿಧ್ಯವು ಯಾವಾಗಲೂ ಒಂದೇ ಫಲವನ್ನು ಕೊಡುವುದಿಲ್ಲ. ಅದು ಚೆನ್ನಾಗಿ ರೂಢವಾದ ಕ್ರಿಯೆಯನ್ನು ಪುಷ್ಟಿಗೊಳಿಸುತ್ತದೆ, ಅರೆಗಲಿತದ್ದನ್ನು ಕೆಡಿಸುತ್ತದೆ ಎಂದು ಮನೋವಿಜ್ಞಾನಿ ರಾಬರ್ಟ್ ಝಯಾಂಕ್ 1965ರಲ್ಲಿ ಪ್ರತಿಪಾದಿಸಿದರು. ಕರ್ನಾಟಕ ಸಂಗೀತದ ಕಚೇರಿಯನ್ನು ವರ್ಣದಿಂದ ಆರಂಭಿಸುವ ಪದ್ಧತಿಯ ಔಚಿತ್ಯವು ಇದರಿಂದ ಸ್ಫುಟವಾಗುತ್ತದೆ. ಹಲವು ಕಾಲಗಳಲ್ಲಿ ಮತ್ತೆ ಮತ್ತೆ ಸಾಧಿಸಿದ ವರ್ಣವು ಕಂಠಕ್ಕೆ ಸಹಜವಾಗಿರುತ್ತದೆ. ಅದು ಮುಗಿಯುವಷ್ಟರಲ್ಲಿ ಮನಸ್ಸು ಒಂದು ನೆಲೆಗೆ ಬರಬಹುದು.

ಹಾಗಾದರೆ ಭಯವನ್ನು ಅದುಮಬೇಕೆ? ಅಲಿಸನ್ ವುಡ್ ಬ್ರೂಕ್ಸ್ ಅವರು 2014ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಹಾಡುವ ಮುನ್ನ ‘ನನಗೆ ಉತ್ಸಾಹವಾಗಿದೆ’ ಎಂದು ಹೇಳಿಕೊಂಡವರು ‘ನನಗೆ ಆತಂಕವಾಗಿದೆ’ ಎಂದವರಿಗಿಂತ ನಿಖರವಾಗಿ ಹಾಡಿದರು. ಎರಡರಲ್ಲಿಯೂ ಎದೆ ಬಡಿದುಕೊಳ್ಳುವುದು. ಅದಕ್ಕೆ ನಾವು ಕೊಡುವ ಅರ್ಥ ಮಾತ್ರ ಬೇರೆ. ನಡುಕವನ್ನು ತಗ್ಗಿಸುವ ಬೀಟಾ ಪ್ರತಿಬಂಧಕ ಔಷಧಗಳೂ ಉಂಟು. ಆದರೆ ಉಬ್ಬಸ ರೋಗವುಳ್ಳವರಿಗೆ ಅವು ಅಪಾಯಕಾರಿಯಾಗಬಹುದಾದುದರಿಂದ ವೈದ್ಯರ ಸಲಹೆಯಿಲ್ಲದೆ ಸೇವಿಸತಕ್ಕವಲ್ಲ.

ಅಧ್ಯಾಪಕರು ಗಮನಿಸಬೇಕಾದುದು ಇನ್ನೊಂದಿದೆ. ತಪ್ಪಿದಾಗಲೆಲ್ಲ ನಿಲ್ಲಿಸಿ ತಿದ್ದುವ ಪಾಠದಿಂದ ನಿಲ್ಲುವುದೇ ರೂಢಿಯಾಗುತ್ತದೆ. ಸಭೆಯಲ್ಲಿ ಪ್ರಬಲವಾಗುವುದೂ ಆ ರೂಢಿಯೇ. ಆದ್ದರಿಂದ ತಿದ್ದುವ ಅಭ್ಯಾಸದ ಜೊತೆಗೆ, ತಪ್ಪಿದರೂ ತಾಳ ಬಿಡದೆ ಕೃತಿಯನ್ನು ಕೊನೆಮುಟ್ಟಿಸುವ ಅಭ್ಯಾಸವೂ ಬೇಕು. ಮೊದಲು ಇಬ್ಬರು ಸಹಪಾಠಿಗಳ ಮುಂದೆ, ಬಳಿಕ ತರಗತಿಯ ಮುಂದೆ, ಅನಂತರ ಕಾಲೇಜಿನ ಸಭೆಯ ಮುಂದೆ ಹಾಡಿಸುವುದು ಯುಕ್ತ. ಸಭೆಯೂ ಒಂದು ಪಾಠವೆಂದು ನಾವು ಒಪ್ಪಿದರೆ, ಅದನ್ನು ಕಲಿಸುವ ಹೊಣೆಯೂ ನಮ್ಮದಾಗುತ್ತದೆ.